ಸೂರ್ಯನ ಫೋಟೋದಲ್ಲಿ ಕಾಣುವ ಹಸಿರು ಚುಕ್ಕೆ ‘ಎರಡನೇ ಸೂರ್ಯ’ನೇ? ನಿಜ ಏನು?

‘ಆಕಾಶದಲ್ಲಿ ಎರಡು ಸೂರ್ಯ! ಟಿವಿಯವರು ತೋರಿಸುವುದಿಲ್ಲ, ನೀವಾದರೂ ಎಲ್ಲರಿಗೂ ಕಳಿಸಿ.’ ಇಂಥ ಒಕ್ಕಣೆಯ ಜೊತೆ ಒಂದು ಫೋಟೋ. ಮೇಲೆ ಬೆಳಗುವ ಸೂರ್ಯ, ಕೆಳಗೆ ತೆಂಗಿನ ಮರದ ಪಕ್ಕ ಹಸಿರು ಬಣ್ಣದ ಸಣ್ಣ ಗುಂಡು. ಅದೇ ಫೋಟೋ ಒಂದು ಗ್ರೂಪಿನಲ್ಲಿ ‘ನಿಬಿರು ಗ್ರಹ’ವಾಗುತ್ತದೆ, ಇನ್ನೊಂದರಲ್ಲಿ ಹಾರುವ ತಟ್ಟೆಯಾಗುತ್ತದೆ. ಹಿನ್ನೆಲೆಯಲ್ಲಿ ಗೋಪುರವಿದ್ದರೆ ‘ದೈವೀ ಬೆಳಕು’ ಆಗುತ್ತದೆ.

ಇದನ್ನು ನಕ್ಕು ಬಿಟ್ಟುಬಿಡಬಹುದಿತ್ತು. ಆದರೆ ಇಂಥದೊಂದು ಫೋಟೋ ಕಳಿಸಿದ ಓದುಗರೊಬ್ಬರು ಜೊತೆಗೆ ಹೀಗೆ ಬರೆದಿದ್ದರು: ‘ಇದು ನಿಜವಾ ಅಂತ ನೋಡೋಕೆ ನಮ್ಮಮ್ಮ ತಾರಸಿ ಮೇಲೆ ಹೋಗಿ ಬರಿಗಣ್ಣಲ್ಲಿ ಸೂರ್ಯನನ್ನೇ ದಿಟ್ಟಿಸ್ತಾ ನಿಂತಿದ್ರು.’ ಈ ಲೇಖನ ಬರೆಯಲು ಆ ಸಾಲೇ ಕಾರಣ.

ಆ ಚುಕ್ಕೆ ಎಲ್ಲಿಂದ ಬಂತು?

ಆಕಾಶದಿಂದಲ್ಲ, ನಿಮ್ಮ ಫೋನಿನ ಒಳಗಿನಿಂದ. ಇದಕ್ಕೆ ಲೆನ್ಸ್ ಫ್ಲೇರ್ ಎಂದು ಹೆಸರು. ಹೀಗೆ ಮೂಡುವ ಸುಳ್ಳು ಬಿಂಬವನ್ನು ಫೋಟೋಗ್ರಾಫರ್‌ಗಳು ‘ಘೋಸ್ಟ್’, ಅಂದರೆ ದೆವ್ವ ಎಂದೇ ಕರೆಯುತ್ತಾರೆ.

ಫೋನಿನ ಹಿಂಬದಿಯಲ್ಲಿ ನಮಗೆ ಕಾಣುವುದು ಒಂದೇ ಗಾಜು. ಆದರೆ ಈಗಿನ ಫೋನುಗಳ ಮುಖ್ಯ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ 5ರಿಂದ 7 ಪುಟ್ಟ ಮಸೂರಗಳು ಒಂದರ ಹಿಂದೊಂದು ಕೂತಿರುತ್ತವೆ. ಅವುಗಳ ಹಿಂದೆ ಒಂದು ಫಿಲ್ಟರ್, ಅದರ ಹಿಂದೆ ಚಿತ್ರ ಹಿಡಿಯುವ ಸೆನ್ಸರ್. 6 ಮಸೂರ ಎಂದರೆ 12 ಮೇಲ್ಮೈಗಳಾದವು. ಪ್ರತಿ ಮೇಲ್ಮೈಯಲ್ಲೂ ಬೆಳಕಿನ ಬಹುಪಾಲು ಮುಂದೆ ಹೋಗುತ್ತದೆ, ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಹೀಗೆ ಹಿಂದಕ್ಕೆ ಬಂದ ಬೆಳಕು ಇನ್ನೊಂದು ಮೇಲ್ಮೈಗೆ ಬಡಿದು ಮತ್ತೆ ಸೆನ್ಸರ್ ಕಡೆ ತಿರುಗಿದರೆ ಅಲ್ಲೊಂದು ಚುಕ್ಕೆ ಮೂಡುತ್ತದೆ. ರಾತ್ರಿ ಬಸ್ಸಿನ ಕಿಟಕಿಯ ಗಾಜಿನಲ್ಲಿ ಒಳಗಿನ ದೀಪ ಹೊರಗಿನ ಕತ್ತಲಲ್ಲಿ ತೇಲಿದಂತೆ ಕಾಣುತ್ತದಲ್ಲ, ಹಾಗೆಯೇ.

ಲೇಪನವಿಲ್ಲದ ಗಾಜಿನ ಒಂದು ಮೇಲ್ಮೈ ಸುಮಾರು ಶೇ 4ರಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಇದನ್ನು ತಗ್ಗಿಸಲು ಕ್ಯಾಮೆರಾ ಮಸೂರಗಳಿಗೆ ತೆಳುವಾದ ಲೇಪನ ಹಚ್ಚುತ್ತಾರೆ. ಲೇಪನದಿಂದ ಅದು ಶೇ 0.5ಕ್ಕೆ ಇಳಿಯಿತು ಎಂದುಕೊಳ್ಳೋಣ. ಎರಡು ಸಲ ಚಿಮ್ಮಿದ ಮೇಲೆ ಉಳಿಯುವುದು ಮೂಲ ಬೆಳಕಿನ 40 ಸಾವಿರದಲ್ಲಿ ಒಂದು ಪಾಲು ಮಾತ್ರ. ಇಷ್ಟು ಕಡಿಮೆ ಬೆಳಕು ಫೋಟೋದಲ್ಲಿ ಕಾಣುವುದು ಹೇಗೆ? ಸೂರ್ಯನ ಹೊಳಪು ಹುಣ್ಣಿಮೆ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು. ಅದರಲ್ಲಿ 40 ಸಾವಿರದ ಒಂದು ಪಾಲು ಎಂದರೂ ಹುಣ್ಣಿಮೆ ಚಂದ್ರನ 10 ಪಟ್ಟು ಬೆಳಕಾಯಿತು! ಹಾಗಾಗಿಯೇ ಮರ, ಮನೆ, ಮನುಷ್ಯರ ಫೋಟೋದಲ್ಲಿ ಕಾಣದ ಚುಕ್ಕೆ ಸೂರ್ಯನ ಫೋಟೋದಲ್ಲಿ ಎದ್ದು ಕಾಣುತ್ತದೆ.

ಹಸಿರು ಬಣ್ಣ ಯಾಕೆ?

ಮಸೂರದ ಲೇಪನ ಎಲ್ಲ ಬಣ್ಣಗಳನ್ನೂ ಒಂದೇ ಸಮ ತಡೆಯಲಾರದು. ತಪ್ಪಿಸಿಕೊಂಡ ಬಣ್ಣವೇ ಚುಕ್ಕೆಯ ಬಣ್ಣ. ಆ್ಯಂಟಿ ಗ್ಲೇರ್ ಕನ್ನಡಕವನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಹಿಡಿದು ನೋಡಿ, ಗಾಜಿನ ಮೇಲೆ ಹಸಿರು ಅಥವಾ ನೇರಳೆ ಹೊಳಪು ಕಾಣುತ್ತದೆ. ಅದೂ ಇದೂ ಒಂದೇ ಕತೆ. ಕೆಲವು ಫೋಟೋಗಳಲ್ಲಿ ಸೂರ್ಯನ ಸುತ್ತ ಕೆಂಪು ಚುಕ್ಕೆಗಳು ಸಾಲಾಗಿ ರಂಗೋಲಿಯಂತೆ ಕಾಣುವುದುಂಟು. ಸೆನ್ಸರ್ ಮೇಲಿನ ಸಾಲು ಸಾಲು ಸೂಕ್ಷ್ಮ ರಚನೆಗಳಿಗೆ ಬಡಿದು ಹಿಂದೆ ಬಂದ ಬೆಳಕು ಅದು. ಇನ್ನು ಸೂರ್ಯನಿಂದ ಉದ್ದಕ್ಕೆ ಎಳೆದಂತಿರುವ ಬೆಳಕಿನ ಪಟ್ಟಿಗೆ ಹೆಚ್ಚಿನ ಸಲ ಕಾರಣ ಇನ್ನೂ ಸರಳ: ಕ್ಯಾಮೆರಾ ಗಾಜಿನ ಮೇಲಿರುವ ನಮ್ಮದೇ ಬೆರಳಿನ ಜಿಡ್ಡು.

ನೀವೇ ಪರೀಕ್ಷಿಸುವುದು ಹೇಗೆ?

ಫಾರ್ವರ್ಡ್ ಆಗಿ ಬಂದ ಫೋಟೋ ಆದರೆ, ಮೊದಲು ಅದರ ಮಧ್ಯಬಿಂದುವನ್ನು ಗುರುತಿಸಿ. ಸೂರ್ಯನಿಂದ ಆ ಬಿಂದುವಿನ ಮೂಲಕ ಒಂದು ಗೆರೆ ಎಳೆದುಕೊಳ್ಳಿ. ಚುಕ್ಕೆ ಆ ಗೆರೆಯ ಮೇಲೆ, ಹೆಚ್ಚಾಗಿ ಸೂರ್ಯನ ಎದುರು ತುದಿಯಲ್ಲಿ ಇದ್ದರೆ ಅದು ಫ್ಲೇರ್ ಎಂದೇ ತಿಳಿಯಿರಿ. ಸೂರ್ಯ ಎಡಗಡೆ ಮೇಲಿದ್ದರೆ ಚುಕ್ಕೆ ಬಲಗಡೆ ಕೆಳಗೆ. ಆದರೆ ಒಂದು ಎಚ್ಚರಿಕೆ: ಫೋಟೋವನ್ನು ಕ್ರಾಪ್ ಮಾಡಿದ್ದರೆ ಮಧ್ಯಬಿಂದು ಬದಲಾಗಿರುತ್ತದೆ, ಆಗ ಈ ಲೆಕ್ಕ ಕೂಡಿಬರುವುದಿಲ್ಲ.

ನಿಮ್ಮದೇ ಫೋನಾದರೆ ಇನ್ನೂ ಸುಲಭ. ನಾವು ಎರಡು ಬೇರೆ ಬೇರೆ ಫೋನು ಹಿಡಿದು ಸಂಜೆಯ ಬಿಸಿಲಿನಲ್ಲಿ ಇದನ್ನು ಮಾಡಿ ನೋಡಿದೆವು. ಕಣ್ಣು ಪರದೆಯ ಮೇಲೆ ಮಾತ್ರ. ಫೋನನ್ನು ಸ್ವಲ್ಪ ಓರೆ ಮಾಡಿದಾಗ ಪರದೆಯಲ್ಲಿ ಸೂರ್ಯ ಒಂದು ಕಡೆ ಸರಿದರೆ ಚುಕ್ಕೆ ಅದರ ವಿರುದ್ಧ ದಿಕ್ಕಿಗೆ ಓಡಿತು. ಸೂರ್ಯನಿಗೆ ಅಂಗೈ ಅಡ್ಡ ಹಿಡಿದೆವು, ಚುಕ್ಕೆ ಮಾಯ. ಒಂದು ಫೋನಿನಲ್ಲಿ ಚುಕ್ಕೆ ಹಸಿರಾಗಿತ್ತು, ಇನ್ನೊಂದರಲ್ಲಿ ಮಸುಕು ನೇರಳೆ. ನಿಜವಾದ ಗ್ರಹವೊಂದು ಆಕಾಶದಲ್ಲಿದ್ದಿದ್ದರೆ ಅಂಗೈ ಅಡ್ಡ ಹಿಡಿದ ಮಾತ್ರಕ್ಕೆ ಮರೆಯಾಗುತ್ತಿರಲಿಲ್ಲ, ಫೋನಿಗೊಂದು ಬಣ್ಣ ತಾಳುತ್ತಲೂ ಇರಲಿಲ್ಲ.

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನೆನಪಿದೆಯೇ? ಕಾಸರಗೋಡು ಜಿಲ್ಲೆಯ ಚೆರುವತ್ತೂರು, ಕೊಡಗಿನ ದಕ್ಷಿಣ ಭಾಗಗಳಲ್ಲಿ ಬಳೆಯಾಕಾರದ ಸೂರ್ಯ ಕಂಡಿದ್ದ. ಗ್ರಹಣದ ಹೊತ್ತಿನಲ್ಲಿ ಫೋನಿನಿಂದ ತೆಗೆದ ಫೋಟೋಗಳಲ್ಲಿ ಒಂದು ಸೋಜಿಗ ಕಾಣಸಿಗುತ್ತದೆ. ಸೂರ್ಯ ಬರೀ ಬಿಳಿ ಉಂಡೆಯಂತೆ ಇರುತ್ತಾನೆ, ಆದರೆ ಪಕ್ಕದ ಪುಟ್ಟ ಚುಕ್ಕೆ ಕುಡುಗೋಲಿನ ಆಕಾರದಲ್ಲಿರುತ್ತದೆ, ಹಲವು ಬಾರಿ ತಲೆಕೆಳಗಾಗಿ! ಚುಕ್ಕೆ ಸೂರ್ಯನದೇ ಮಂಕು ಬಿಂಬ ಎನ್ನುವುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ಬೇಕೆ?

ಹಾಗಾದರೆ ಸೂರ್ಯನ ಸುತ್ತ ಕಾಣುವುದೆಲ್ಲ ಸುಳ್ಳೇ?

ಅಲ್ಲ. 2021ರ ಮೇ 24ರಂದು ಬೆಂಗಳೂರಿನಲ್ಲಿ ಸೂರ್ಯನ ಸುತ್ತ ದೊಡ್ಡ ಬಣ್ಣದ ಉಂಗುರ ಕಂಡಿತ್ತು. ಅದು ಕ್ಯಾಮೆರಾದ ಚೇಷ್ಟೆಯಲ್ಲ. ಎತ್ತರದ ತೆಳು ಮೋಡಗಳಲ್ಲಿರುವ ಆರು ಮೂಲೆಯ ಮಂಜುಗಡ್ಡೆಯ ಹರಳುಗಳಲ್ಲಿ ಬೆಳಕು ಬಾಗಿ, ಸೂರ್ಯನಿಂದ 22 ಡಿಗ್ರಿ ದೂರದಲ್ಲಿ ಮೂಡಿದ ನಿಜವಾದ ಪ್ರಭಾವಳಿ ಅದು. ಇಂಥದೇ ಹರಳುಗಳಿಂದ ಕೆಲವೊಮ್ಮೆ ಸೂರ್ಯನ ಎಡಬಲದಲ್ಲಿ, ಸೂರ್ಯನಷ್ಟೇ ಎತ್ತರದಲ್ಲಿ, ಅಣಕು ಸೂರ್ಯಗಳೂ ಕಾಣುತ್ತವೆ. ವ್ಯತ್ಯಾಸ ಇಷ್ಟೇ: ಇವು ಫೋನು ಇಲ್ಲದವರಿಗೂ ಕಾಣುತ್ತವೆ, ಫೋನು ಓರೆ ಮಾಡಿದರೆ ಓಡುವುದಿಲ್ಲ. ನಿಬಿರು ಕತೆಗೆ ಮಾತ್ರ ಯಾವ ಆಧಾರವೂ ಇಲ್ಲ. 2003ರಲ್ಲಿ ಬಂದು ಅಪ್ಪಳಿಸುತ್ತದೆ ಎಂದರು, ಆಮೇಲೆ 2012 ಎಂದರು. ಅಂಥ ಗ್ರಹವೇ ಇಲ್ಲ ಎಂದು ನಾಸಾ ಸ್ಪಷ್ಟವಾಗಿ ಹೇಳಿದೆ.

ನಿಜವಾದ ಅಪಾಯ ಎಲ್ಲಿದೆ?

ಚುಕ್ಕೆಯಲ್ಲಿ ಅಲ್ಲ, ಅದನ್ನು ಹುಡುಕುತ್ತ ಸೂರ್ಯನನ್ನು ದಿಟ್ಟಿಸುವುದರಲ್ಲಿ. ಸೂರ್ಯನ ಬೆಳಕು ಕಣ್ಣಿನ ಹಿಂಭಾಗದ ರೆಟಿನಾವನ್ನು ಸುಡಬಲ್ಲದು. ರೆಟಿನಾಗೆ ನೋವಿನ ಅರಿವಿಲ್ಲದ ಕಾರಣ ಆ ಕ್ಷಣ ಏನೂ ಗೊತ್ತಾಗುವುದಿಲ್ಲ. ನೋಟದ ನಡುವೆ ಕಪ್ಪು ಕಲೆ, ಮಸುಕು, ಗೆರೆಗಳು ಸೊಟ್ಟಗೆ ಕಾಣುವುದು, ಇವೆಲ್ಲ ಕೆಲವು ಗಂಟೆಗಳ ನಂತರ ಶುರುವಾಗಬಹುದು. ಹಲವರಲ್ಲಿ ಕ್ರಮೇಣ ಸುಧಾರಿಸಿದರೂ ಕೆಲವರಿಗೆ ಶಾಶ್ವತವಾಗಿ ಉಳಿಯಬಹುದು. ಹೀಗಾದರೆ ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿ. ತಂಪು ಕನ್ನಡಕ, ಎಕ್ಸ್‌ರೇ ಹಾಳೆ, ಮಸಿ ಹಿಡಿದ ಗಾಜು ಯಾವುದೂ ರಕ್ಷಣೆಯಲ್ಲ. ಸೂರ್ಯನನ್ನು ನೋಡಲೇಬೇಕಿದ್ದರೆ ಐಎಸ್‌ಒ 12312-2 ಗುಣಮಟ್ಟದ ಗ್ರಹಣ ಕನ್ನಡಕವನ್ನೇ ಬಳಸಿ.

ಆಗುಂಬೆಯ ಸೂರ್ಯಾಸ್ತದ ಫೋಟೋದಲ್ಲಿ ಈ ಚುಕ್ಕೆ ಬೇಡವೆಂದರೆ ಕ್ಯಾಮೆರಾ ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಸೂರ್ಯನನ್ನು ಮರದ ಕೊಂಬೆಯ ಹಿಂದೆ ಅಡಗಿಸಿ, ಇಲ್ಲವೇ ಚಿತ್ರದ ನಟ್ಟನಡುವೆ ತನ್ನಿ. ಆಗ ಚುಕ್ಕೆ ಹೆಚ್ಚಾಗಿ ಸೂರ್ಯನ ಮೇಲೇ ಬಿದ್ದು ಕಾಣದಾಗುತ್ತದೆ.

ಕೊನೆಯದಾಗಿ, ಗ್ರೂಪಿನಲ್ಲಿ ಇಂಥ ಫೋಟೋ ಬಂದರೆ ಕಳಿಸಿದವರನ್ನು ಗೇಲಿ ಮಾಡಬೇಡಿ. ಅವರ ಕಣ್ಣಿಗೆ ಕಂಡದ್ದನ್ನೇ ಅವರು ಕಳಿಸಿದ್ದಾರೆ. ದೇವರ ಮೇಲಿನ ನಂಬಿಕೆ ಬೇರೆ, ಮಸೂರದ ಪ್ರತಿಫಲನ ಬೇರೆ. ಇಷ್ಟು ಬರೆದರೆ ಸಾಕು: ‘ಇದು ಕ್ಯಾಮೆರಾ ಒಳಗೆ ಬೆಳಕು ಚಿಮ್ಮಿ ಆಗಿರೋದು. ಫೋನ್ ಸ್ವಲ್ಪ ಅಲ್ಲಾಡಿಸಿ ನೋಡಿ, ಚುಕ್ಕೆನೂ ಓಡುತ್ತೆ. ಪರದೆ ಮೇಲೆ ಮಾತ್ರ ನೋಡಿ, ಬರಿಗಣ್ಣಲ್ಲಿ ಸೂರ್ಯನ್ನ ನೋಡಬೇಡಿ.’

ಈ ಮೆಸೇಜನ್ನು ಮಾತ್ರ ಧಾರಾಳವಾಗಿ ಫಾರ್ವರ್ಡ್ ಮಾಡಿ.