ಪ್ಲಾಟಿನಂ ಕಾಳುಗಳ ಪ್ರದಕ್ಷಿಣೆ

ಹಿಟ್ಟಿನ ಗಿರಣಿಯಲ್ಲಿ ಸರದಿಗೆ ಕಾದವರಿಗೆ ಗೊತ್ತು: ತಗಡಿನ ಬಾಯಿಗೆ ಸುರಿದ ರಾಗಿ ಒಮ್ಮೊಮ್ಮೆ ಇಳಿಯದೆ ನಿಂತುಬಿಡುತ್ತದೆ. ಗಿರಣಿಯವನು ಅಂಗೈಯಿಂದ ಎರಡೇಟು ಹಾಕಿದರೆ ಸರಿ. ಪೆಟ್ರೋಲಿನ ಆಕ್ಟೇನ್ ಏರಿಸುವ ರಿಫಾರ್ಮರ್ ಘಟಕದಲ್ಲೂ ಇಳಿಯುವುದು ರಾಗಿ ಗಾತ್ರದ ಕಾಳುಗಳೇ. ಆದರೆ ಅಲ್ಲಿ 500 ಡಿಗ್ರಿಯ ಶಾಖ, ಸುತ್ತ ಹೈಡ್ರೋಜನ್. ತಟ್ಟಲು ಯಾರೂ ಹೋಗುವಂತಿಲ್ಲ.

ಈ ಕಾಳು ರಾಸಾಯನಿಕ ಕ್ರಿಯೆಗೆ ಚುರುಕು ಕೊಡುವ ವೇಗವರ್ಧಕ: 1.6 ಮಿ.ಮೀ. ವ್ಯಾಸದ ಅಲ್ಯೂಮಿನಾ ಗುಂಡು, ತೂಕದಲ್ಲಿ ಶೇ. 0.3ರಷ್ಟು ಪ್ಲಾಟಿನಂ. ರಾಸಾಯನಿಕ ಎಂಜಿನಿಯರ್ ವ್ಲಾದಿಮಿರ್ ಹೆನ್ಸೆಲ್ ರೂಪಿಸಿದ, ಪ್ಲಾಟಿನಂ ಬಳಸುವ ಈ ವಿಧಾನದ ಮೊದಲ ಘಟಕ 1949ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಶುರುವಾಯಿತು. ಆಕ್ಟೇನ್ ಏರಿಸಬೇಕಾದ ಕಚ್ಚಾ ಪೆಟ್ರೋಲು, ಅಂದರೆ ನಾಫ್ತಾ, ರೂಪಾಂತರಗೊಳ್ಳುವಾಗ ಶಾಖವನ್ನು ಹೀರಿ ತಣ್ಣಗಾಗುತ್ತದೆ. ಹಾಗಾಗಿ ಮೂರೋ ನಾಲ್ಕೋ ರಿಯಾಕ್ಟರುಗಳು, ನಡುನಡುವೆ ಕುಲುಮೆಗಳು. ಜೊತೆಗೆ ಕಾಳಿನ ಮೇಲೆ ಇಂಗಾಲದ ಮಸಿ ಕಟ್ಟುತ್ತದೆ. ಮೊದಲೆಲ್ಲ ಅದನ್ನು ಸುಡಲು ಘಟಕವನ್ನೇ ನಿಲ್ಲಿಸಬೇಕಿತ್ತು. 1971ರಲ್ಲಿ ಕಾಳುಗಳನ್ನೇ ನಡೆಸುವ ಉಪಾಯ ಬಂತು. ಮಂಗಳೂರಿನ ಎಂ.ಆರ್.ಪಿ.ಎಲ್. ತೈಲ ಶುದ್ಧೀಕರಣಾಗಾರದಲ್ಲೂ ಇಂಥ ಘಟಕಗಳಿವೆ.

ಒಂದರ ಮೇಲೊಂದು ಕೂರಿಸಿದ ರಿಯಾಕ್ಟರುಗಳಲ್ಲಿ ಕಾಳು ತನ್ನ ಭಾರಕ್ಕೇ ಇಳಿಯುತ್ತದೆ, ತೀರಾ ನಿಧಾನವಾಗಿ. ನಾಫ್ತಾ ಆವಿ ಹೊರಸುತ್ತಿನಿಂದ ನಡುವಿನ ಜರಡಿ ಕೊಳವೆಯತ್ತ ಅಡ್ಡಡ್ಡ ಹಾಯುತ್ತದೆ. ಪೇಚು ಇರುವುದು ಇಲ್ಲೇ. ಉತ್ಪಾದನೆ ಹೆಚ್ಚಿಸುವ ಆಸೆಗೆ ಆವಿಯ ಹರಿವು ಏರಿಸಿದರೆ ಅದು ಕಾಳುಗಳನ್ನು ಜರಡಿಗೆ ಅದುಮಿ ಹಿಡಿಯುತ್ತದೆ. ಅಲ್ಲಿನವು ಕದಲವು, ಉಳಿದವು ಪಕ್ಕದಲ್ಲೇ ಇಳಿದುಹೋಗುತ್ತವೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗಿಯೇ ಇದೆ! ಒಳಗೆ ನಿಂತ ಕಾಳುಗಳ ಮೇಲೆ ಮಸಿ ಬೆಳೆಯುತ್ತಾ ಹೋಗಿ ಜರಡಿಯನ್ನೇ ಕೆಡಿಸಬಹುದು. ನನ್ನ ದೃಷ್ಟಿಯಲ್ಲಿ ಈ ಘಟಕದ ನಿಜವಾದ ಮಿತಿ ರಸಾಯನಶಾಸ್ತ್ರದ್ದಲ್ಲ, ಈ ಒತ್ತಡದ್ದು.

ತಳ ಸೇರಿದ ಕಾಳನ್ನು ಅನಿಲ ಊದಿ ಮೇಲಿನ ಸುಡುಗೋಪುರಕ್ಕೆ ಏರಿಸುತ್ತಾರೆ. ಹರಿವು ಹಿಡಿಯಲು ನಲ್ಲಿ ಇಟ್ಟರೆ ಅದು ತಿರುಗಿದಾಗಲೆಲ್ಲ ಕಾಳು ಪುಡಿಯಾದೀತು. ಅದಕ್ಕೇ ಕೊಳವೆಯ ತಿರುವಿನಲ್ಲಿ ಇನ್ನೊಂದು ಅನಿಲಧಾರೆ: ಹೆಚ್ಚಿಸಿದರೆ ಕಾಳು ಹೊರಡುತ್ತದೆ, ತಗ್ಗಿಸಿದರೆ ನಿಲ್ಲುತ್ತದೆ. ಗೋಪುರದಲ್ಲಿ ಆಮ್ಲಜನಕ, ರಿಯಾಕ್ಟರಿನಲ್ಲಿ ಹೈಡ್ರೋಜನ್. ಇವೆರಡು ಸೇರಿದರೆ ಸ್ಫೋಟ. ನಡುವೆ ಕಾಳು ಮಾತ್ರ ದಾಟಬಲ್ಲ ಗೋಡೆ ಬೇಕು. ಆ ಗೋಡೆ ಕಟ್ಟುವುದು ತುಸು ಹೆಚ್ಚು ಒತ್ತಡದಲ್ಲಿಟ್ಟ ಸಾರಜನಕ. ಗೋಪುರದಲ್ಲೂ ಆಮ್ಲಜನಕವನ್ನು ಶೇ. 1ರ ಆಸುಪಾಸು ಹಿಡಿದು ಮಸಿಯನ್ನು ಮೆಲ್ಲಗೆ ಸುಡುತ್ತಾರೆ. ಆಮೇಲೆ ಕ್ಲೋರಿನ್ ಸೋಕಿಸಿ, ಗುಂಪುಗಟ್ಟಿದ ಪ್ಲಾಟಿನಂ ಕಣಗಳನ್ನು ಮತ್ತೆ ಹರಡುತ್ತಾರೆ. ಒಂದು ಸುತ್ತಿಗೆ ಕೆಲವು ದಿನಗಳೇ ಹಿಡಿಯುತ್ತವೆ.

ಇಷ್ಟು ಜೋಪಾನ ಮಾಡಿದರೂ ಉಜ್ಜಾಟಕ್ಕೆ ಒಂದಿಷ್ಟು ಕಾಳು ಸವೆದು ಧೂಳಾಗುತ್ತದೆ. ಅದು ಜರಡಿಯ ಕಂಡಿಗಳನ್ನು ಮುಚ್ಚದಂತೆ ಅನಿಲದಿಂದ ತೂರಿ ಬೇರ್ಪಡಿಸುತ್ತಾರೆ. ಆ ಧೂಳನ್ನೂ ಎಸೆಯುವುದಿಲ್ಲ. ಅಕ್ಕಸಾಲಿಯ ಅಂಗಡಿಯ ಕಸದಂತೆ ಅದನ್ನು ಪೀಪಾಯಿಗಳಲ್ಲಿ ತುಂಬಿ, ಪ್ಲಾಟಿನಂ ಹೆಕ್ಕುವವರಿಗೆ ಕಳಿಸುತ್ತಾರೆ.