‘ಹೊಯ್’ ಎನ್ನುವ ಗಳಿಗೆ

ಬೇಲೂರು ಹಳೇಬೀಡುಗಳ ಶಿಲ್ಪದಲ್ಲಿ ಮೃಗದೊಡನೆ ಸೆಣಸುವ ಸಳನನ್ನು ಕಾಣದವರಾರು? ‘ಹೊಯ್ ಸಳ’ ಎಂದ ಗುರುವಿಗೆ ಶಿಷ್ಯನ ತೋಳ್ಬಲದ ಅರಿವು ಮೊದಲೇ ಇದ್ದಿರಬೇಕಲ್ಲವೆ?

ಅರಸೀಕೆರೆಯ ಬಯಲಿನಲ್ಲಿ ಓರಗೆಯವರ ಎದುರು ಗೋಲಿನ ಮೇಲೆ ಗೋಲು ಹೊಡೆಯುವ ಹುಡುಗನನ್ನು ಒಡನೆಯೇ ಹಿರಿಯರ ತಂಡಕ್ಕೆ ನೂಕಬಯಸುವ ತಂದೆತಾಯಿಗಳು ಇದನ್ನು ನೆನೆಯಬೇಕು. ವೇಗವೊಂದೇ ಸಾಲದು. ಬಲಿತ ಎದುರಾಳಿಯ ಭುಜ ತಾಗಿದರೂ ಚೆಂಡನ್ನು ಬಿಟ್ಟುಕೊಡದ ಕಸುವು, ಚೆಂಡು ಬರುವ ಮೊದಲೇ ತೆರವನ್ನು ಗುರುತಿಸುವ ಕಣ್ಣು, ಗೋಲು ತಪ್ಪಿದರೂ ಕುಗ್ಗದ ಮನಸ್ಸು ಬೇಕು.

ಬೆಂಗಳೂರು ಎಫ್‌ಸಿಯ ನಾಯಕರಾಗಿ ಕನ್ನಡಿಗರ ಮನಗೆದ್ದ ಸುನಿಲ್ ಛೇತ್ರಿ ಮೋಹನ್ ಬಾಗಾನ್ ಸೇರಿದ್ದು 2002ರಲ್ಲಿ. ಭಾರತದ ಹಿರಿಯರ ತಂಡಕ್ಕೆ ಆಡಿದ್ದು 2005ರಲ್ಲಿ, 20ನೆಯ ವಯಸ್ಸಿನಲ್ಲಿ. ಕ್ವೆಟ್ಟಾದಲ್ಲಿ ಪಾಕಿಸ್ತಾನದೆದುರಿನ ಆ ಮೊದಲ ಪಂದ್ಯದಲ್ಲೇ ಗೋಲು ಹೊಡೆದರು. ನಡುವಣ ಮೂರು ವರ್ಷಗಳು ವ್ಯರ್ಥವಾಗಲಿಲ್ಲ.

ಹುಡುಗನನ್ನು ಮೊದಲು ಪಂದ್ಯದ ಕೊನೆಯ ಇಪ್ಪತ್ತು ನಿಮಿಷ ಆಡಿಸಿ ನೋಡಲಿ. ಕಾಯಬಲ್ಲ ಗುರುವೇ ತಕ್ಕ ಗಳಿಗೆಯಲ್ಲಿ ‘ಹೊಯ್’ ಎನ್ನಬಲ್ಲ.