ಪಕ್ಷವಿಲ್ಲದ ಇಬ್ಬರು

ಕ್ರಿಕೆಟ್ ಆಟ ನಡೆಯುತ್ತಿರುವಾಗ ಮೈದಾನದೊಳಗೆ ಹದಿನೈದು ಮಂದಿ ಇರುತ್ತಾರೆ. ಹನ್ನೊಂದು ಮಂದಿ ಒಂದು ಪಕ್ಷ, ಇಬ್ಬರು ಇನ್ನೊಂದು ಪಕ್ಷ. ಮಿಕ್ಕ ಇಬ್ಬರಿಗೆ ಪಕ್ಷವಿಲ್ಲ. ಆಟದ ವರ್ಣನೆ ಕೇಳುವಾಗ ನಾವು ಹದಿಮೂರು ಜನರನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತೇವೆ. ಇಂದು ನಾನು ಮಾತನಾಡಬೇಕೆಂದಿರುವುದು ಉಳಿದವರಲ್ಲಿ ಒಬ್ಬರಾದ, ನಮ್ಮ ಕರ್ನಾಟಕದವರೇ ಆದ ಎ. ವಿ. ಜಯಪ್ರಕಾಶ್ ಅವರ ವಿಚಾರವಾಗಿ.

ನಮ್ಮ ಶಿಕಾರಿಪುರದ ಕಡೆ ಕೊಯ್ಲು ಮುಗಿದ ಗದ್ದೆಗಳಲ್ಲಿ ಹುಡುಗರು ಆಡುವುದನ್ನು ನೀವು ಕಂಡಿರಬಹುದು. ಅಲ್ಲಿ ಅಂಪೈರ್ ಯಾರೆಂದರೆ, ಬ್ಯಾಟಿಂಗ್ ಪಕ್ಷದಲ್ಲಿ ತನ್ನ ಸರದಿಗಾಗಿ ಕಾಯುತ್ತಿರುವ ಹುಡುಗ. ಅವನು ಔಟ್ ಕೊಟ್ಟರೆ ತನ್ನವರೊಡನೆ ಜಗಳ, ಕೊಡದಿದ್ದರೆ ಎದುರಿನವರೊಡನೆ ಜಗಳ. ದೊಡ್ಡವರ ಆಟದಲ್ಲಿಯೂ ಬಹುಕಾಲ ನಡೆದುಬಂದ ಪದ್ಧತಿ ಇದಕ್ಕಿಂತ ತೀರ ಭಿನ್ನವಾದುದೇನಲ್ಲ. ಟೆಸ್ಟ್ ಪಂದ್ಯ ಯಾವ ದೇಶದಲ್ಲಿ ನಡೆಯುತ್ತದೆಯೋ ಆ ದೇಶದವರೇ ಇಬ್ಬರು ಅಂಪೈರುಗಳು. 1987ರಲ್ಲಿ ಫೈಸಲಾಬಾದಿನಲ್ಲಿ ಇಂಗ್ಲೆಂಡಿನ ನಾಯಕ ಮೈಕ್ ಗ್ಯಾಟಿಂಗ್ ಮತ್ತು ಪಾಕಿಸ್ತಾನದ ಅಂಪೈರ್ ಶಕೂರ್ ರಾಣಾ ಮೈದಾನದಲ್ಲೇ ಬೆರಳು ತೋರಿಸಿ ಕಚ್ಚಾಡಿ, ಒಂದು ಇಡೀ ದಿನದ ಆಟ ನಿಂತುಹೋಯಿತು. ಅದಕ್ಕೂ ಹಿಂದಿನ ವರ್ಷ ಲಾಹೋರಿನಲ್ಲಿ ಪಾಕಿಸ್ತಾನ-ವೆಸ್ಟ್ ಇಂಡೀಸ್ ಪಂದ್ಯಕ್ಕೆ ಭಾರತದ ವಿ. ಕೆ. ರಾಮಸ್ವಾಮಿ ಹಾಗೂ ಪಿಲೂ ರಿಪೋರ್ಟರ್ ಅವರನ್ನು ಕರೆಸಿದ್ದುಂಟು. 1994ರಿಂದ ಒಬ್ಬರು ಹೊರದೇಶದವರು, ಒಬ್ಬರು ಮನೆಯವರು ಎಂಬ ನಿಯಮ ನೆಲೆಗೊಂಡಿತು. ಜಯಪ್ರಕಾಶ್ ಈ ನಿಯಮದ ಕಾಲದ ಅಂಪೈರ್. 1997ರಿಂದ 2002ರವರೆಗೆ ಹದಿಮೂರು ಟೆಸ್ಟ್ ಪಂದ್ಯಗಳಲ್ಲಿ ನಿಂತವರು. ಅದಕ್ಕೆ ಮೊದಲು ಕರ್ನಾಟಕದ ಪರವಾಗಿ ರಣಜಿ ಆಡಿದವರು.

1999ರ ಫೆಬ್ರವರಿಯಲ್ಲಿ ದೆಹಲಿಯ ಫಿರೋಜ್ ಷಾ ಕೋಟ್ಲಾ ಮೈದಾನ. ಎದುರಾಳಿ ಪಾಕಿಸ್ತಾನ. ಅಂಪೈರುಗಳು ವೆಸ್ಟ್ ಇಂಡೀಸಿನ ಸ್ಟೀವ್ ಬಕ್ನರ್ ಮತ್ತು ಜಯಪ್ರಕಾಶ್. ಗೆಲ್ಲಲು 420 ರನ್ ಬೇಕಿದ್ದ ಪಾಕಿಸ್ತಾನ ವಿಕೆಟ್ ನಷ್ಟವಿಲ್ಲದೆ ನೂರನ್ನು ದಾಟಿತ್ತು. ಆಮೇಲೆ ನಡೆದದ್ದನ್ನು ಕನ್ನಡಿಗರಿಗೆ ಹೇಳಬೇಕಾಗಿಲ್ಲ. 207ಕ್ಕೆ ಎಲ್ಲರೂ ಔಟ್. ಅನಿಲ್ ಕುಂಬ್ಳೆ 74 ರನ್ ಕೊಟ್ಟು ಹತ್ತೂ ವಿಕೆಟ್ ಕಿತ್ತರು. 1956ರಲ್ಲಿ ಜಿಮ್ ಲೇಕರ್ ಮಾಡಿದ್ದ ಸಾಹಸಕ್ಕೆ ಆಗ ಎರಡನೆಯ ಉದಾಹರಣೆ ದೊರೆಯಿತು.

ಓವರಿನಿಂದ ಓವರಿಗೆ ಬೌಲಿಂಗ್ ತುದಿ ಬದಲಾಗುತ್ತದೆ. ಅಂಪೈರ್ ಮಾತ್ರ ತನ್ನ ತುದಿಯನ್ನು ಬಿಡುವುದಿಲ್ಲ. ಎಲ್‌ಬಿಡಬ್ಲ್ಯು ಮತ್ತು ಕ್ಯಾಚುಗಳ ತೀರ್ಪು ಬೌಲರನ ತುದಿಯಲ್ಲಿರುವವನದು. ಕುಂಬ್ಳೆಯವರಿಗೆ ಹತ್ತೂ ವಿಕೆಟ್ ಬಿದ್ದದ್ದು ಜಯಪ್ರಕಾಶ್ ನಿಂತಿದ್ದ ತುದಿಯಿಂದ. ಅವುಗಳಲ್ಲಿ ಎರಡು ಬೌಲ್ಡ್. ಅವಕ್ಕೆ ಅಂಪೈರಿನ ಹಂಗಿಲ್ಲ. ಐದು ಕ್ಯಾಚು, ಮೂರು ಎಲ್‌ಬಿಡಬ್ಲ್ಯು. ಮೊದಲನೆಯದು ಆಫ್ರಿದಿಯ ಬ್ಯಾಟನ್ನು ಸವರಿ ಮೊಂಗಿಯಾ ಕೈಸೇರಿತೆಂದು ಕೊಟ್ಟ ಕ್ಯಾಚು. ಮರುಚೆಂಡಿಗೇ ಇಜಾಜ್ ಅಹಮದ್ ಎಲ್‌ಬಿಡಬ್ಲ್ಯು.

ಎಲ್‌ಬಿಡಬ್ಲ್ಯು ಎಂಬುದು ನಡೆದದ್ದರ ತೀರ್ಪಲ್ಲ, ನಡೆಯಬಹುದಾಗಿದ್ದುದರ ತೀರ್ಪು. ಚೆಂಡು ಲೆಗ್ ಸ್ಟಂಪಿನ ಹೊರಗೆ ಪುಟಿಯಿತೇ, ಬ್ಯಾಟಿಗೆ ಮೊದಲು ಸೋಕಿತೇ, ಕಾಲು ಅಡ್ಡ ಬಾರದಿದ್ದರೆ ಸ್ಟಂಪಿಗೆ ತಗಲುತ್ತಿತ್ತೇ? ಇಷ್ಟನ್ನೂ ಕಣ್ಣೆವೆ ಇಕ್ಕುವಷ್ಟರಲ್ಲಿ ನಿರ್ಣಯಿಸಬೇಕು. ಅದೂ ಕುಂಬ್ಳೆಯಂತೆ ವೇಗವಾಗಿ ಲೆಗ್ ಸ್ಪಿನ್ ಎಸೆಯುವವರ ಚೆಂಡಿನಲ್ಲಿ. ಇಂದಿನಂತೆ ತೀರ್ಪನ್ನು ಮರುಪರಿಶೀಲನೆಗೆ ಒಯ್ಯುವ ವ್ಯವಸ್ಥೆ ಅಂದು ಇರಲಿಲ್ಲ. ಅದರ ಪ್ರಯೋಗ ಮೊದಲಾದದ್ದು 2008ರಲ್ಲಿ.

ಅಂಪೈರಿನ ಪಕ್ಷಪಾತವೆಂದರೆ ತನ್ನವರಿಗೆ ಒಲಿಯುವುದೆಂದು ನಾವು ತಿಳಿಯುತ್ತೇವೆ. ನನ್ನ ಅನುಭವ ಬೇರೆ. ಅಧ್ಯಾಪಕನಾಗಿದ್ದಾಗ ಅಂತರ ಕಾಲೇಜು ಪಂದ್ಯವೊಂದರಲ್ಲಿ ಅಂಪೈರಾಗಿ ನಿಂತಿದ್ದೆ. ಚೆಂಡು ಎಸೆಯುತ್ತಿದ್ದವನು ನನ್ನ ತರಗತಿಯ ವಿದ್ಯಾರ್ಥಿ. ಚೆಂಡು ಎದುರಾಳಿಯ ಕಾಲಿಗೆ ನೇರವಾಗಿ ಬಡಿದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಆದರೂ ಕೈ ಮೇಲೇಳಲಿಲ್ಲ. ಮೇಷ್ಟ್ರು ತಮ್ಮ ಹುಡುಗನಿಗೆ ಕೊಟ್ಟರು ಎಂದಾರಲ್ಲ ಎಂಬ ಅಳುಕು. ಹುಡುಗ ಒಂದು ಮಾತೂ ಆಡದೆ ಚೆಂಡು ತೆಗೆದುಕೊಂಡು ಹಿಂತಿರುಗಿ ನಡೆದ. ಆ ಬೆನ್ನು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ಭಾರತದ ಕಥೆಯಲ್ಲಿ ಭೀಮ-ದುರ್ಯೋಧನರ ಗದಾಯುದ್ಧಕ್ಕೆ ಬಲರಾಮ ಬಂದು ಕೂಡುತ್ತಾನೆ. ಇಬ್ಬರಿಗೂ ಗುರು, ನಿಯಮ ಬಲ್ಲವನು. ಭೀಮ ತೊಡೆಗೆ ಹೊಡೆದಾಗ ಸಿಟ್ಟಿಗೇಳುತ್ತಾನೆ. ಆದರೆ ಆ ಹೊಡೆತ ಸಲ್ಲದೆಂದು ಆಟವನ್ನು ಹಿಂದಕ್ಕೆ ತರುವ ಅಧಿಕಾರ ಅವನಿಗಿಲ್ಲ. ಜಯಪ್ರಕಾಶರಿಗೆ ಅಧಿಕಾರವಿತ್ತು, ಜೊತೆಗೆ ಬೌಲರ್ ತಮ್ಮ ರಾಜ್ಯದವರೇ ಎಂಬ ಭಾರವೂ ಇತ್ತು. ಎದುರಾಳಿ ಪಾಕಿಸ್ತಾನ, ಸುತ್ತ ಕಿಕ್ಕಿರಿದ ಜನ, ಪ್ರತಿ ಚೆಂಡಿಗೂ ಕೂಗು. ಒಂಬತ್ತು ಬಿದ್ದ ಮೇಲೆ ಇನ್ನೊಂದು ತುದಿಯಿಂದ ಮೈಸೂರಿನ ಶ್ರೀನಾಥ್ ಬೇಕೆಂದೇ ಸ್ಟಂಪಿನಿಂದ ದೂರ ಎಸೆದು ವಿಕೆಟ್ ಬೀಳದಂತೆ ನೋಡಿಕೊಂಡರು. ಸ್ನೇಹಿತನಿಗೆ ಹಾಗೆ ಮಾಡುವ ಸ್ವಾತಂತ್ರ್ಯವುಂಟು, ಅಂಪೈರಿಗಿಲ್ಲ. ಕೊಡದೆಯೂ ಇರಬಾರದು, ಕೂಡಿಯೂ ಇರಬಾರದು. ಕೊನೆಯ ವಿಕೆಟ್ ವಾಸಿಂ ಅಕ್ರಂ. ಲಕ್ಷ್ಮಣ್ ಕೈಗೆ ಕ್ಯಾಚು. ಆಫ್ರಿದಿಯ ಆ ಮೊದಲ ಕ್ಯಾಚಿನ ಬಗ್ಗೆ ಚರ್ಚೆ ಮುಗಿದಿಲ್ಲ. ಮುಗಿಯಬೇಕೆಂದು ನನಗೂ ಅನ್ನಿಸುವುದಿಲ್ಲ. ಬರಿಗಣ್ಣಿನ ತೀರ್ಪಿಗೆ ಅದು ಸಹಜವಾದ ಬೆಲೆ.

2002ರಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ ಸಂಸ್ಥೆ ಎಂಟು ಜನರ ಶ್ರೇಷ್ಠ ಅಂಪೈರುಗಳ ಪಟ್ಟಿ ರಚಿಸಿ, ಟೆಸ್ಟಿಗೆ ಇಬ್ಬರೂ ಹೊರದೇಶದವರೇ ಇರಬೇಕೆಂದು ವಿಧಿಸಿತು. ಆ ಎಂಟರಲ್ಲಿ ಭಾರತದಿಂದ ಎಸ್. ವೆಂಕಟರಾಘವನ್ ಒಬ್ಬರೇ. ಜಯಪ್ರಕಾಶರ ಟೆಸ್ಟ್ ವೃತ್ತಿ ಆ ವರ್ಷಕ್ಕೆ ಮುಗಿಯಿತು. ಮುಂದೆ 2020ರಲ್ಲಿ ಕೊರೊನಾ ಪಿಡುಗಿನಿಂದ ಪ್ರಯಾಣ ಕಷ್ಟವಾದಾಗ ಮನೆಯ ಅಂಪೈರುಗಳನ್ನು ಮತ್ತೆ ಕರೆಯಬೇಕಾಯಿತು; ಆದರೆ ಪ್ರತಿ ತಂಡಕ್ಕೂ ಒಂದೊಂದು ಹೆಚ್ಚುವರಿ ಮರುಪರಿಶೀಲನೆಯ ಅವಕಾಶ ಕೊಟ್ಟು.